ಹಳೇಬೀಡಿನ ಕಲ್ಲಿನ ಬಣ್ಣ ಹಾಳೆಗಿಳಿಸಲು ಹೋಗಿ: ಎ3 ಪ್ಲಸ್ ಫೋಟೊ ಪ್ರಿಂಟರ್ ಜೊತೆ ನಾಲ್ಕು ವರ್ಷ

ಹಾಸನದ ನಮ್ಮನೆ ಮಹಡಿಯ ಚಿಕ್ಕ ಕೋಣೆಗೆ ಈ ಪ್ರಿಂಟರ್ ಬಂದು ಈ ಮಳೆಗಾಲಕ್ಕೆ ನಾಲ್ಕು ವರ್ಷ ತುಂಬಿತು. 13 ಇಂಚು ಅಗಲದ ಎ3 ಪ್ಲಸ್ ಹಾಳೆ ಹಿಡಿಸುವ, ಆರು ಬಣ್ಣದ, ಬಾಟಲಿಯಿಂದ ಇಂಕ್ ತುಂಬಿಸುವ ಟ್ಯಾಂಕ್ ಪ್ರಿಂಟರ್ ಇದು. ಕಂಪನಿ, ಮಾಡೆಲ್ ಹೇಳುವುದಿಲ್ಲ. ನಾನು ಬರೆಯುವ ಬಹುಪಾಲು ಮಾತು ಈ ಜಾತಿಯ ಎಲ್ಲ ಪ್ರಿಂಟರ್‌ಗಳಿಗೂ ಸಲ್ಲುತ್ತದೆ.

ತಂದ ಕಾರಣ ಒಂದೇ: ಕಲ್ಲಿನ ಬಣ್ಣ. ಬಿಡುವಾದ ಭಾನುವಾರ ನಾನು ಬೇಲೂರಿಗೋ ಹಳೇಬೀಡಿಗೋ ಕ್ಯಾಮೆರಾ ಹಿಡಿದು ಹೋಗುವವನು. ಅಲ್ಲಿಯ ಬಳಪದ ಕಲ್ಲು ಬರೀ ಬೂದು ಅಲ್ಲ. ಬೂದು ಬಣ್ಣದೊಳಗೆ ತೆಳುವಾದ ಹಸಿರು ಇದೆ; ಮಳೆ ನೆನೆದರೆ ಅದು ಕಪ್ಪಿಗೆ ತಿರುಗುತ್ತದೆ. ಲ್ಯಾಬಿನಲ್ಲಿ 12×18 ಇಂಚಿನ ಪ್ರಿಂಟ್ ಹಾಕಿಸಿದಾಗಲೆಲ್ಲ ಆ ಹಸಿರು ಮಾಯವಾಗಿ, ಶಿಲಾಬಾಲಿಕೆಯ ಕೆನ್ನೆಗೆ ಗುಲಾಬಿ ಬಂದಿರುತ್ತಿತ್ತು. ಮದುವೆ ಆಲ್ಬಮ್ಮಿನ ಮೈಬಣ್ಣಕ್ಕೆ ಹೊಂದಿಸಿಟ್ಟ ಮೆಷಿನ್ನಿನಿಂದ ಕಲ್ಲನ್ನು ಕೇಳಿದ್ದು ನನ್ನದೇ ತಪ್ಪಿರಬಹುದು. ಆದರೂ ಮನಸ್ಸು ಒಪ್ಪಲಿಲ್ಲ.

ಆಯ್ಕೆಗೆ ಕೂತಾಗ ಎರಡು ದಾರಿ ಇದ್ದವು. ಕ್ಯಾನನ್ ಪ್ರೊ-300, ಎಪ್ಸನ್ ಪಿ700 ಥರದವು ಹತ್ತು ಇಂಕಿನ ಪಿಗ್ಮೆಂಟ್ ಪ್ರಿಂಟರ್‌ಗಳು; ಪಿಗ್ಮೆಂಟ್ ಅಂದರೆ ಬಣ್ಣ ಸಣ್ಣ ಕಣಗಳಾಗಿ ಇರುವ ಇಂಕ್. ಅವುಗಳಲ್ಲಿ ಬೂದು ಬಣ್ಣಕ್ಕೇ ಬೇರೆ ಕಾರ್ಟ್ರಿಡ್ಜ್ ಇದೆ. ಬೆಲೆ ನನ್ನ ಕೈಗೆ ಎಟುಕಲಿಲ್ಲ. ಇನ್ನೊಂದು ಡೈ ಇಂಕಿನ, ಅಂದರೆ ಬಣ್ಣ ಕರಗಿಯೇ ಇರುವ ಇಂಕಿನ, ಟ್ಯಾಂಕ್ ಪ್ರಿಂಟರ್. ಇಂಕ್ ಅಗ್ಗ, ಗ್ಲಾಸಿ ಹಾಳೆಯ ಮೇಲೆ ಬಣ್ಣ ಫಳಫಳ. ಅದನ್ನೇ ತಂದೆ. ಇದರಲ್ಲಿ ಬೂದು ಇಂಕ್ ಇಲ್ಲ ಅನ್ನುವುದರ ಅರ್ಥ ತಂದ ಮೇಲೆ ತಿಳಿಯಿತು. ಕಪ್ಪು, ಸಯಾನ್ (ಹಸಿರು ಬೆರೆತ ನೀಲಿ), ಮೆಜೆಂಟಾ (ಕಡು ಗುಲಾಬಿ), ಹಳದಿ, ಜೊತೆಗೆ ತಿಳಿ ಸಯಾನ್, ತಿಳಿ ಮೆಜೆಂಟಾ. ತಿಳಿ ಬೂದು ಬೇಕೆಂದರೆ ಈ ಬಣ್ಣಗಳನ್ನೇ ಬೆರೆಸಬೇಕು. ಅದರಲ್ಲಿ ಒಂದು ಚೂರು ಹೆಚ್ಚುಕಮ್ಮಿಯಾದರೂ ಇಡೀ ಗೋಡೆ ಬಣ್ಣ ಬದಲಿಸುತ್ತದೆ. ಹೂವು, ಹಕ್ಕಿ, ಕಾಫಿ ತೋಟ ಪ್ರಿಂಟ್ ಮಾಡುವವರಿಗೆ ಇದು ಗೊತ್ತೂ ಆಗುವುದಿಲ್ಲ. ಕಲ್ಲು ಮಾತ್ರ ಮುಚ್ಚಿಡುವುದಿಲ್ಲ.

ಮೊದಲ ಎರಡು ತಿಂಗಳು ನನ್ನ ಪ್ರಿಂಟುಗಳೂ ಗುಲಾಬಿಯೇ. ಕಾರಣ ಹುಡುಕಿದರೆ, ಫೋಟೊ ಸಾಫ್ಟ್‌ವೇರೂ ಬಣ್ಣ ತಿದ್ದುತ್ತಿತ್ತು, ಪ್ರಿಂಟರಿನ ಡ್ರೈವರೂ ತಿದ್ದುತ್ತಿತ್ತು. ಡ್ರೈವರಿನಲ್ಲಿ ಕಲರ್ ಮ್ಯಾನೇಜ್‌ಮೆಂಟ್ ಆಫ್ ಮಾಡಿ, ಹಾಳೆಗೆ ತಕ್ಕ ಐಸಿಸಿ ಪ್ರೊಫೈಲನ್ನು (ಆ ಹಾಳೆಯ ಮೇಲೆ ಈ ಇಂಕಿನ ಬಣ್ಣ ಹೇಗೆ ಬರುತ್ತದೆ ಅನ್ನುವ ಲೆಕ್ಕದ ಫೈಲು) ಸಾಫ್ಟ್‌ವೇರಿನಲ್ಲಿ ಕೊಟ್ಟ ದಿನ ಕಲ್ಲು ಕಲ್ಲಾಯಿತು. ಪ್ರಿಂಟ್ ಕಪ್ಪಾಗಿ ಬರುತ್ತದೆ ಅಂತ ಗೊಣಗುವವರು ಮೊದಲು ಮಾನಿಟರಿನ ಬ್ರೈಟ್‌ನೆಸ್ ಇಳಿಸಿ ನೋಡಿ; ನಾನು ಅರ್ಧಕ್ಕಿಂತ ಕೆಳಗೆ ತಂದೆ. ಟ್ಯೂಬ್‌ಲೈಟಿನಲ್ಲಿ ಬಣ್ಣದ ತೀರ್ಮಾನ ಮಾಡಲೇಬೇಡಿ. ನಾನು ಹಾಳೆಯನ್ನು ಬೆಳಗ್ಗೆ ಹತ್ತರ ಹೊತ್ತಿಗೆ ಕಿಟಕಿಯ ಹತ್ತಿರ ಹಿಡಿದು ನೋಡುತ್ತೇನೆ.

ಇನ್ನು ಮಳೆಗಾಲದ ಕಷ್ಟ. ಜುಲೈನಲ್ಲಿ ಅಗ್ಗದ ಗ್ಲಾಸಿ ಹಾಳೆ ಶೀತ ಎಳೆದುಕೊಂಡು ಹಪ್ಪಳದ ಹಾಗೆ ಮುದುಡುತ್ತದೆ. ಮುದುಡಿದ ಅಂಚಿಗೆ ಇಂಕ್ ಚಿಮ್ಮುವ ಹೆಡ್ ತಾಗಿ ಕಪ್ಪು ಗೀರು ಬೀಳುತ್ತದೆ. ಪ್ಲಾಸ್ಟಿಕ್ ಪದರವಿರುವ ಆರ್‌ಸಿ ಹಾಳೆ ಇಷ್ಟು ಮುದುಡುವುದಿಲ್ಲ. ಸ್ವಲ್ಪ ದುಬಾರಿಯಾದರೂ ಅದನ್ನೇ ತನ್ನಿ. ಒಡೆದ ಪ್ಯಾಕೆಟ್ಟನ್ನು ಜಿಪ್ ಕವರಿನಲ್ಲಿ ಹಾಕಿ ಬೀರುವಿನಲ್ಲಿಡಿ. ಮ್ಯಾಟ್ ಹಾಳೆಯ ಯಾವ ಮಗ್ಗುಲಿಗೆ ಲೇಪ ಇದೆ ಅಂತ ಗೊತ್ತಾಗದಿದ್ದರೆ, ಬೆರಳ ತುದಿ ಚೂರು ಒದ್ದೆ ಮಾಡಿ ಮೂಲೆಗೆ ಒತ್ತಿ. ಅಂಟಿದ ಅನುಭವವಾದ ಮಗ್ಗುಲೇ ಪ್ರಿಂಟಿನದು.

ಕರೆಂಟ್ ಹೋಗುವುದು ಅದಕ್ಕಿಂತ ದೊಡ್ಡ ಶತ್ರು. ಪ್ರಿಂಟರನ್ನು ಅದರದೇ ಬಟನ್ನಿನಿಂದ ಆಫ್ ಮಾಡಿದರೆ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಳದ ಮೇಲೆ ಕೂರುತ್ತದೆ. ನಡುವೆ ಕರೆಂಟ್ ಹೋದರೆ ಬಾಯಿ ತೆರೆದುಕೊಂಡೇ ನಿಂತುಬಿಡುತ್ತದೆ, ಇಂಕ್ ಒಣಗುತ್ತದೆ. ಎರಡನೇ ವರ್ಷ ಹೀಗೇ ಆಯಿತು. ರಾತ್ರಿ ಹೋದ ಕರೆಂಟ್ ಮರುದಿನ ಮಧ್ಯಾಹ್ನ ಬಂತು. ಹೆಡ್ಡಿನ ರಂಧ್ರ ಕಟ್ಟಿದೆಯೇ ಅಂತ ತೋರಿಸುವ ನಾಝಲ್ ಚೆಕ್ ಹಾಕಿದರೆ ತಿಳಿ ಮೆಜೆಂಟಾದ ಗೆರೆಗಳಲ್ಲಿ ಅರ್ಧ ಇಲ್ಲ. ಗಾಬರಿಯಲ್ಲಿ ಏಳೆಂಟು ಸಲ ಹೆಡ್ ಕ್ಲೀನಿಂಗ್ ಒತ್ತಿದೆ. ಹಾಗೆ ಮಾಡಬಾರದಿತ್ತು. ಪ್ರತಿ ಕ್ಲೀನಿಂಗಿಗೂ ಇಂಕ್ ಸುರಿದು ಹೋಗಿ, ಅದನ್ನು ಹೀರುವ ಒಳಗಿನ ಪ್ಯಾಡ್ ತುಂಬುತ್ತದೆ. ತುಂಬಿತೆಂದು ಲೆಕ್ಕ ಬಂದರೆ ಪ್ರಿಂಟರ್ ನಿಂತೇಬಿಡುತ್ತದೆ. ಕೊನೆಗೆ ಮೈಸೂರಿಗೆ ಕಳಿಸಿ, ಮೂರು ವಾರ ಕಾದು ತರಿಸಿಕೊಂಡೆ. ಈಗ ಯುಪಿಎಸ್ ಇದೆ. ಒಂದು ಸಲ ಕ್ಲೀನ್ ಮಾಡಿ, ಸರಿಯಾಗದಿದ್ದರೆ ರಾತ್ರಿಯೆಲ್ಲ ಹಾಗೇ ಬಿಟ್ಟು ಬೆಳಗ್ಗೆ ನೋಡುತ್ತೇನೆ. ವಾರಕ್ಕೊಂದು ಬಣ್ಣದ ಪುಟ ತಪ್ಪಿಸುವುದಿಲ್ಲ. ವಾರಕ್ಕೊಂದು ಪ್ರಿಂಟ್ ಮಾಡಲು ನಿಮ್ಮ ಹತ್ತಿರ ಫೋಟೊ ಇಲ್ಲದಿದ್ದರೆ ದಯವಿಟ್ಟು ಈ ಪ್ರಿಂಟರ್ ಕೊಳ್ಳಬೇಡಿ, ಲ್ಯಾಬಿಗೇ ಹೋಗಿ.

ಇಷ್ಟೆಲ್ಲ ಕಷ್ಟ ಮರೆಸಿದ್ದು ಒಂದು ಪ್ರಿಂಟ್. ನನ್ನ ಪ್ರಿಂಟರ್ 13 ಇಂಚು ಅಗಲ, 44 ಇಂಚು ಉದ್ದದವರೆಗೆ ತೆಗೆಯುತ್ತದೆ. ಹೊಯ್ಸಳೇಶ್ವರ ಗುಡಿಯ ಹೊರಗೋಡೆಯ ಕೆಳಗಿನ ಸಾಲು, ಆ ಆನೆಗಳ ಸಾಲು, ಇದೇ ಆಕಾರದ್ದಲ್ಲವೇ! ಸಂಜೆಯ ಓರೆ ಬಿಸಿಲಿನಲ್ಲಿ ಜಗತಿಯ (ಗುಡಿ ನಿಂತಿರುವ ಕಟ್ಟೆಯ) ಮೇಲೆ ಹೆಜ್ಜೆಹೆಜ್ಜೆ ಸರಿಯುತ್ತ ಕ್ಯಾಮೆರಾ ಉದ್ದುದ್ದ ಹಿಡಿದು ಐದು ಫೋಟೊ ತೆಗೆದು, ಸಾಫ್ಟ್‌ವೇರಿನಲ್ಲಿ ಒಂದೇ ಫೋಟೊ ಆಗುವ ಹಾಗೆ ಹೊಲಿದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಐದು ಫೋಟೊ ಸೇರಿದರೆ 44 ಇಂಚಿಗೂ ಇಂಚಿಗೆ 300 ಪಿಕ್ಸೆಲ್ ಸಿಗುತ್ತದೆ. ರೋಲ್ ಹಾಳೆ ಬೆಂಗಳೂರಿನಿಂದ ತರಿಸಿ ಕತ್ತರಿಸಿದ್ದೆ. ಹಾಳೆ ಬೆರಳಗಲ ಬೆರಳಗಲ ಹೊರಗೆ ಬರುತ್ತಿದ್ದರೆ ಒಂದೊಂದೇ ಆನೆ ನಡೆದು ಬಂದ ಹಾಗಿತ್ತು. ಅಮ್ಮ ಅಡುಗೆಮನೆಯಿಂದ ಬಂದು ನಿಂತು, "ಒಂದರ ಹಾಗೆ ಇನ್ನೊಂದಿಲ್ಲ ಕಣೋ" ಅಂದರು. ಎಷ್ಟು ಸಲ ಹಳೇಬೀಡಿಗೆ ಹೋಗಿದ್ದರೂ ಅದನ್ನು ಅವರು ನೋಡಿದ್ದು ಅವತ್ತೇ.

ಕಟ್ಟು ಹಾಕಿಸಲು ಅವತ್ತೇ ಓಡಿದೆ. ಅಂಗಡಿಯವರು ಹಾಳೆ ಮುಟ್ಟಿ ನೋಡಿ, "ಇವತ್ತೇ ಗಾಜು ಹಾಕ್ಬೇಡಿ ಸಾರ್, ಒಂದಿನ ಆರ್ಲಿ. ಮೌಂಟ್ ಕೊಡ್ತೀನಿ, ಗಾಜು ಫೋಟೊಗೆ ತಾಗ್ಬಾರ್ದು" ಅಂದರು. ಆ ಮಾತು ಕೇಳಿದ್ದರಿಂದ ಅದು ಇವತ್ತಿಗೂ ಚೆನ್ನಾಗಿದೆ.

ಎಲ್ಲವೂ ಹಾಗೆ ಉಳಿದಿಲ್ಲ. ಶೆಟ್ಟಿಹಳ್ಳಿ ಚರ್ಚು ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗಿದ ಫೋಟೊ ಒಂದನ್ನು ಗಾಜಿಲ್ಲದೆ ಹಾಲಿನ ಪಶ್ಚಿಮದ ಗೋಡೆಗೆ ತೂಗುಹಾಕಿದ್ದೆ. ಎರಡೇ ವರ್ಷಕ್ಕೆ ಆಕಾಶ ಬಿಳಚಿತು, ನೀರು ಹಳದಿಯಾಯಿತು. ಪಡಸಾಲೆಯ ನೆರಳಿನಲ್ಲಿ ಗಾಜಿನ ಹಿಂದಿರುವ ಆನೆಗಳ ಬಣ್ಣ ಕದಲಿಲ್ಲ. ಡೈ ಇಂಕಿಗೆ ಬಿಸಿಲೂ ಗಾಳಿಯೂ ಆಗದು. ಒಂದು ಸಲ ಅಗ್ಗವೆಂದು ಬೇರೆ ಇಂಕ್ ತುಂಬಿಸಿದ್ದೆ. ಬೂದು ಮತ್ತೆ ಗುಲಾಬಿಯಾಯಿತು, ಮಾಡಿದ ಪ್ರೊಫೈಲ್ ಕೆಲಸಕ್ಕೆ ಬಾರದಾಯಿತು. ಆಮೇಲೆ ಕಂಪನಿ ಇಂಕ್ ಬಿಟ್ಟು ಬೇರೆ ಮುಟ್ಟಿಲ್ಲ.

ಈ ಪ್ರಿಂಟರ್ ಕೈಕೊಟ್ಟ ದಿನ ಪಿಗ್ಮೆಂಟಿನದ್ದೇ ತರುತ್ತೇನೆ, ಬೂದು ಇಂಕ್ ಇರುವುದನ್ನು, ಪ್ಯಾಡನ್ನು ನಾವೇ ಬದಲಿಸಬಹುದಾದ್ದನ್ನು. ಅದಕ್ಕೆ ತಿಂಗಳಿಗಿಷ್ಟು ಅಂತ ಎತ್ತಿಡುತ್ತಿದ್ದೇನೆ. ಅಲ್ಲಿಯವರೆಗೆ ಆನೆಯ ಮೇಲಿನ ಸಿಂಹದ ಸಾಲು ಬಾಕಿ ಇದೆ. ಮೂರು ಫೋಟೊ ಸಿಕ್ಕಿವೆ. ನಾಲ್ಕನೆಯದರ ಮೇಲೆ ಕಂಬದ ನೆರಳು ಬಿದ್ದಿದೆ, ಇನ್ನೊಮ್ಮೆ ಹೋಗಬೇಕು.