ಕಡಿಮೆ ಸೋಡಿಯಂ ಉಪ್ಪು: ಕೆಲವು ತಿಂಗಳ ಬಳಕೆಯ ನಂತರ

ಸೋಡಿಯಂ ಕ್ಲೋರೈಡಿನ ಒಂದು ಪಾಲಿನ ಬದಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಅಯೋಡಿನ್‌ಯುಕ್ತ ಉಪ್ಪನ್ನು ನಮ್ಮ ಮನೆಯಲ್ಲಿ ಕೆಲವು ತಿಂಗಳಿಂದ ಬಳಸುತ್ತಿದ್ದೇವೆ. ಸಾರು, ಹುಳಿಗಳಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ನೀರುಮಜ್ಜಿಗೆಗೆ ಹಾಕಿದಾಗ ಮಾತ್ರ ಕೊನೆಯಲ್ಲಿ ತುಸು ಕಹಿ ನಾಲಿಗೆಗೆ ತಾಕುತ್ತದೆ. ಬೆಲೆ ಸಾಮಾನ್ಯ ಉಪ್ಪಿಗಿಂತ ಹೆಚ್ಚು.

ನನ್ನ ಮುಖ್ಯ ಆಕ್ಷೇಪ ಪೊಟ್ಟಣದ ಬರಹದ ಬಗ್ಗೆ. ಮೂತ್ರಪಿಂಡದ ಕಾಯಿಲೆ ಇರುವವರು ಮತ್ತು ದೇಹದಲ್ಲಿ ಪೊಟ್ಯಾಸಿಯಂ ಏರಿಸುವ ಕೆಲವು ಬಿ.ಪಿ. ಮಾತ್ರೆಗಳನ್ನು ಸೇವಿಸುವವರು ವೈದ್ಯರನ್ನು ಕೇಳದೆ ಇದನ್ನು ಬಳಸಬಾರದು. ಇಷ್ಟು ಮುಖ್ಯವಾದ ಎಚ್ಚರಿಕೆ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ, ಅದೂ ಇಂಗ್ಲಿಷಿನಲ್ಲಿ ಮಾತ್ರ ಇದೆ. ಅಡುಗೆ ಮಾಡುವವರಿಗೆ ಅದು ಕನ್ನಡದಲ್ಲಿ, ಮುಂಬದಿಯಲ್ಲೇ ಕಾಣಬೇಕು.

ಸೈಂಧವ ಲವಣವೋ ಕಲ್ಲುಪ್ಪೋ ಆದರೆ ರಕ್ತದೊತ್ತಡಕ್ಕೆ ತೊಂದರೆಯಿಲ್ಲವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಆದರೆ ಅವೂ ಬಹುಪಾಲು ಸೋಡಿಯಂ ಕ್ಲೋರೈಡೇ. ಆ ದೃಷ್ಟಿಯಿಂದ ಈ ಉಪ್ಪು ನಿಜಕ್ಕೂ ಉತ್ತಮ ಆಯ್ಕೆ. ಆದರೂ ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚದೊಳಗೆ. ಉಪ್ಪಿನಕಾಯಿ, ಹಪ್ಪಳ, ಎಲೆಯ ತುದಿಗೆ ಬಡಿಸುವ ಉಪ್ಪು ಎಲ್ಲವೂ ಅದರಲ್ಲೇ ಸೇರಬೇಕು. ಸೋಡಿಯಂ ಕಡಿಮೆ ತಾನೇ ಎಂದು ಕೈ ಬಿಚ್ಚಿ ಹಾಕುವವರಿಗೆ ಇದರಿಂದ ಪ್ರಯೋಜನವಿಲ್ಲ.