ಇಕಾ ಕಣಿವೆಗೆ ಒಂದೇ ದಿನದ ಪ್ಯಾಕೇಜ್ ಟೂರ್ ಬೇಡ

ಪೆರುವಿನ ರಾಜಧಾನಿ ಲಿಮಾದಿಂದ ದಕ್ಷಿಣಕ್ಕೆ ಸುಮಾರು 300 ಕಿ.ಮೀ. ದೂರದ ಇಕಾ ಕಣಿವೆಗೆ ಹೋಗಬೇಕೆಂದಿರುವವರು, ಪರಾಕಸ್‌ನ ದೋಣಿ ವಿಹಾರ, ದ್ರಾಕ್ಷಾರಸದ ಭಟ್ಟಿ ಮತ್ತು ವಾಕಚೀನಾದ ಮರಳುದಿಬ್ಬ ಎಲ್ಲವನ್ನೂ ಒಂದೇ ದಿನದಲ್ಲಿ ತೋರಿಸುತ್ತೇವೆ ಎನ್ನುವವರಿಗೆ ಹಣ ಕಟ್ಟುವ ಮುನ್ನ ನಮಗಾದದ್ದನ್ನು ಓದಬೇಕೆಂದು ಕೋರುತ್ತೇನೆ.

ನಸುಕಿನ ನಾಲ್ಕಕ್ಕೆ ಲಿಮಾ ಬಿಟ್ಟವರು ಇಕಾ ತಲುಪಿದಾಗ ಮಧ್ಯಾಹ್ನ ಎರಡು ದಾಟಿತ್ತು. ಮಳೆಯೇ ಅಪರೂಪವಾದ ಆ ಮರಳುಗಾಡಿನಲ್ಲಿ ನದಿ ಮತ್ತು ಬಾವಿಗಳ ನೀರಿನಿಂದ ಬಳ್ಳಿ ಬೆಳೆಸುವುದನ್ನು ನೋಡಬೇಕೆಂಬುದು ವಿಜಯಪುರದ ದ್ರಾಕ್ಷಿ ಬೆಳೆಗಾರರ ಮನೆಯಲ್ಲಿ ಹುಟ್ಟಿದ ನನ್ನ ಬಹುದಿನಗಳ ಆಸೆ. ಆದರೆ ನಮ್ಮನ್ನು ಇಳಿಸಿದ್ದು ತೋಟವಾಗಲಿ, ಬಟ್ಟಿ ಇಳಿಸುವ ತಾಮ್ರದ ಹಂಡೆಯಾಗಲಿ ಇಲ್ಲದ, ರಸ್ತೆ ಬದಿಯ ಅಂಗಡಿಯಲ್ಲಿ. ಇಪ್ಪತ್ತು ನಿಮಿಷದಲ್ಲಿ ಏಳು ಬಗೆಯ ಮದ್ಯ ಸುರಿದು ಕೊಟ್ಟರು. ಓಕ್ ಪೀಪಾಯಿಯಲ್ಲಿ ಐದು ವರ್ಷ ಇಟ್ಟದ್ದೆಂಬ ಮಾತು ನಂಬಿ, ದ್ರಾಕ್ಷಾರಸವನ್ನು ಬಟ್ಟಿ ಇಳಿಸಿ ಮಾಡುವ ಪಿಸ್ಕೊ ಎಂಬ ಮದ್ಯದ ಜೇನಿನ ಬಣ್ಣದ ಬಾಟಲಿಯೊಂದನ್ನು 90 ಸೋಲ್ (ಪೆರುವಿನ ಹಣ) ತೆತ್ತು ಕೊಂಡೆ. ಪೆರುವಿನ ನಿಯಮದಂತೆ ಪಿಸ್ಕೊವನ್ನು ಮರದ ಪೀಪಾಯಿಯಲ್ಲಿ ಹಳತಾಗಿಸುವಂತೆಯೇ ಇಲ್ಲ. ನೀರು ಬೆರೆಸದೆ, ರುಚಿ ಬದಲಿಸದ ಪಾತ್ರೆಯಲ್ಲಿ ಕನಿಷ್ಠ 3 ತಿಂಗಳು ಇಟ್ಟ ಅದು ನೀರಿನಷ್ಟೇ ತಿಳಿಯಾಗಿರುತ್ತದೆ ಎಂಬುದು ನನಗೆ ಗೊತ್ತಾದದ್ದು ಮರುದಿನ.

ಅದಕ್ಕಿಂತ ಕೆಟ್ಟದ್ದು ಮುಂದಿತ್ತು. ಶೇ. 38ರಿಂದ 48ರಷ್ಟು ಆಲ್ಕೋಹಾಲ್ ಇರುವ ಪಿಸ್ಕೊ ಹೊಟ್ಟೆಯಲ್ಲಿರುವಾಗಲೇ ನಮ್ಮನ್ನು ನೇರವಾಗಿ ಮರಳುದಿಬ್ಬಗಳ ಮೇಲೆ ಓಡಿಸುವ ‘ಬಗ್ಗಿ’ ಎಂಬ ತೆರೆದ ವಾಹನಕ್ಕೆ ಹತ್ತಿಸಿದರು. ನನ್ನ ಪತ್ನಿಯ ಸೀಟ್ ಬೆಲ್ಟಿಗೆ ಕೊಂಡಿಯಿರಲಿಲ್ಲ. ಚಾಲಕ ಅದನ್ನು ಕಬ್ಬಿಣದ ಸರಳಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದ. ಮೂರನೆಯ ದಿಬ್ಬದ ನೆತ್ತಿಯಿಂದ ಧುಮುಕಿದಾಗ ಗಂಟು ಬಿಚ್ಚಿ, ಆಕೆಯ ಭುಜ ಮುಂದಿನ ಸರಳಿಗೆ ಬಡಿಯಿತು. ನಿಧಾನಿಸು ಎಂದು ಕೂಗಿದ್ದನ್ನು ಆತ ಹುರುಪೆಂದು ಭಾವಿಸಿದನೋ ಏನೋ, ವೇಗ ಹೆಚ್ಚಿಸಿದ. ದಿಬ್ಬದ ಪ್ರವೇಶ ಶುಲ್ಕವನ್ನೂ ಬೇರೆಯಾಗಿಯೇ ವಸೂಲು ಮಾಡಿದರು.

ರಾತ್ರಿ ಇಕಾದಲ್ಲೇ ತಂಗಿ, ಹಂಡೆ ಮತ್ತು ತೋಟ ಎರಡನ್ನೂ ತೋರಿಸುವ ಭಟ್ಟಿಯೊಂದನ್ನು ವಿಚಾರಿಸಿ ಬಿಡುವಾಗಿ ನೋಡಿ ಬನ್ನಿ. ದಿಬ್ಬಗಳಿಗೆ ಇನ್ನೊಂದು ದಿನ, ಏನೂ ಕುಡಿಯದೆ, ಬೆಲ್ಟಿನ ಕೊಂಡಿಯನ್ನು ಕೈಯಿಂದ ಎಳೆದು ನೋಡಿದ ಮೇಲೆಯೇ ಹೋಗಿ. ಹಿಂದೆ 50 ಸೋಲ್ ನೋಟಿನ ಮೇಲೆ ಅಚ್ಚಾಗಿದ್ದ ವಾಕಚೀನಾದ ಕೊಳವನ್ನು ನೋಡಲು ನಮಗೆ ಸಿಕ್ಕಿದ್ದು ಹತ್ತು ನಿಮಿಷ, ಅದೂ ಕತ್ತಲಾದ ಮೇಲೆ.