ಎಂಟು ತಿಂಗಳು ಬೆನ್ನಿನ ಲಟಿಕೆ ತೆಗೆಸಿಕೊಂಡ ಮೇಲೆ

ನನ್ನ ಸೊಂಟ ಹೇಗಿದೆ ಅನ್ನುವುದಕ್ಕೆ ಅಳತೆ ಒಂದೇ: ಎಡಗಾಲಿನ ಸಾಕ್ಸ್. ಬೆಳಿಗ್ಗೆ ಮಂಚದ ಅಂಚಿಗೆ ಕೂತು, ಸಾಕ್ಸಿನ ಬಾಯಿ ಅಗಲಿಸಿಕೊಂಡು ಬಾಗುತ್ತೇನೆ. ಒಂದೇ ಸಲಕ್ಕೆ ಹೆಬ್ಬೆರಳು ಒಳಗೆ ಹೋದರೆ ಹತ್ತಕ್ಕೆ ಎಂಟು. ಹಲ್ಲು ಕಚ್ಚಿ ಎರಡನೇ ಸಲ ಬಾಗಿದರೆ ಐದು. ಬೇರೆಯವರನ್ನು ಕೂಗಿದರೆ ಸೊನ್ನೆ. ಎಂಟು ತಿಂಗಳ ಅಂಕಗಳು ಫೋನಿನಲ್ಲಿವೆ. ಬೆನ್ನುಮೂಳೆ, ಕೀಲುಗಳನ್ನು ಕೈಯಿಂದ ಒತ್ತಿ ನೋವಿಗೆ ಚಿಕಿತ್ಸೆ ಕೊಡುವ ಕೈರೋಪ್ರಾಕ್ಟಿಕ್ ಬಗ್ಗೆ ಬರೆಯಲು ನನಗಿರುವ ಯೋಗ್ಯತೆ ಅಷ್ಟೇ.

ಇದನ್ನು ಮಾಡುವ ಒಬ್ಬರ ಹತ್ತಿರ ಒಟ್ಟು 22 ಸಲ ಹೋಗಿದ್ದೇನೆ. ಅಲ್ಲಿ ಏನು ಮಾಡುತ್ತಾರೆ ಅಂತ ವಿಡಿಯೊಗಳಲ್ಲಿ ನೋಡಿಯೇ ಇರುತ್ತೀರಿ. ವಿಡಿಯೊದಲ್ಲಿ ಕಾಣದ್ದು ಒಂದಿದೆ, ನನಗೆ ಜಾಸ್ತಿ ಇಷ್ಟವಾಗಿದ್ದು ಅದೇ. ಮಗ್ಗುಲಾಗಿ ಮಲಗಿಸಿ, ಮೇಲಿನ ಮೊಣಕಾಲು ಮಡಿಸಿ, ಭುಜವನ್ನು ಆ ಕಡೆ, ಸೊಂಟವನ್ನು ಈ ಕಡೆ ಹಿಡಿಯುತ್ತಾರೆ. "ಉಸಿರು ಬಿಡಿ" ಅನ್ನುತ್ತಾರೆ. ಪೂರ್ತಿ ಬಿಟ್ಟೆ ಅಂದುಕೊಂಡ ಮೇಲೂ ಚೂರು ಉಳಿದಿರುತ್ತದಲ್ಲ, ಅದೂ ಹೋಗುತ್ತದೆ. ದಿನವಿಡೀ ಬಿಗಿಹಿಡಿದಿದ್ದ ಬೆನ್ನು ಆಗ ಸುಮ್ಮನಾಗುತ್ತದೆ. ಆಮೇಲೆ ಚುರುಕಾಗಿ ಒಂದು ಒತ್ತು. ಲಟಕ್!

ಮೊದಲ ಎರಡು ತಿಂಗಳು ಆ ಸದ್ದಿಗೇ ದುಡ್ಡು ಕೊಟ್ಟೆ ಅನ್ನಬೇಕು. ಸದ್ದು ಬಾರದ ದಿನ ಮುಖ ಸಣ್ಣ ಮಾಡಿಕೊಂಡು ಬರುತ್ತಿದ್ದೆ. ಜಾರಿದ ಮೂಳೆ ಜಾಗಕ್ಕೆ ಬಂದ ಸದ್ದು ಅಂತ ನನ್ನ ನಂಬಿಕೆ. ಅದಲ್ಲವಂತೆ. ಬೆರಳಿನ ಲಟಿಕೆ ತೆಗೆದಾಗ ಬರುವುದೂ ಇದೇ ಸದ್ದು. ಕೀಲು ತಟ್ಟನೆ ಅಗಲವಾದಾಗ ಒಳಗಿನ ದ್ರವದ ಒತ್ತಡ ಇಳಿದು ಗಾಳಿಗುಳ್ಳೆಯಂಥ ಪೊಳ್ಳು ಉಂಟಾಗುತ್ತದೆ. 2015ರಲ್ಲಿ ಬೆರಳಿನ ಕೀಲಿನಲ್ಲಿ ಇದು ಆಗುವುದನ್ನು ಎಂಆರ್‌ಐಯಲ್ಲಿ ಸೆರೆಹಿಡಿದಿದ್ದಾರೆ. ಅದೇ ಕೀಲು ಮತ್ತೆ ಲಟಕ್ ಅನ್ನಲು ಸುಮಾರು 20 ನಿಮಿಷ ಕಾಯಬೇಕು. ಸದ್ದು ಬಂದ ದಿನ, ಬಾರದ ದಿನ ಎರಡನ್ನೂ ಹೋಲಿಸಿ ನೋಡಿದೆ. ಸಾಕ್ಸ್ ಅಂಕದಲ್ಲಿ ವ್ಯತ್ಯಾಸವೇ ಇಲ್ಲ.

ಅಂಕ ಏರುತ್ತಿದ್ದುದಂತೂ ನಿಜ. ಹೋಗಿ ಬಂದ ಮರುದಿನ ಎಂಟು, ಅದರ ಮರುದಿನ ಏಳು, ಮೂರನೇ ದಿನ ಮತ್ತೆ ಐದು. ಯಾಕೆ ನಿಲ್ಲುವುದಿಲ್ಲ ಅಂತ ಕೇಳಿದಾಗ ಗೋಡೆಯ ಮೇಲಿನ ಪಟ ತೋರಿಸಿದರು. ಕಿರಿಕಿರಿ ಶುರುವಾಗಿದ್ದು ಅಲ್ಲಿಂದ.

ಪಟದಲ್ಲಿ ಬೆನ್ನುಮೂಳೆಯ ಒಂದೊಂದು ಮಣಿಯಿಂದ ಒಂದೊಂದು ಗೆರೆ. ಹೊಟ್ಟೆಗೆ, ಹೃದಯಕ್ಕೆ, ಕಣ್ಣಿಗೆ, ನಿದ್ದೆಗೂ ಒಂದು! ಮಣಿ ಸರಿದರೆ ನರ ಒತ್ತಿಕೊಳ್ಳುತ್ತದೆ, ಸರಿಮಾಡಿದರೆ "ಇಡೀ ನರಮಂಡಲ ರೀಸೆಟ್" ಅಂತೆ. ಅದಕ್ಕೆ ಇನ್ನೂ 24 ಸಲದ ಪ್ಯಾಕೇಜ್. ಮನೆಗೆ ಬಂದು ಓದಲು ಕೂತೆ. ಹೃದಯಕ್ಕೂ ಹೊಟ್ಟೆಗೂ ಹೋಗುವ ದೊಡ್ಡ ನರ ವೇಗಸ್. ಅದು ಮಿದುಳಿನ ಬುಡದಿಂದ ಹೊರಟು ಕತ್ತಿನಲ್ಲಿ ಇಳಿಯುತ್ತದೆ, ಮಣಿಗಳ ಸಂದಿಯಲ್ಲಿ ನುಸುಳುವುದೇ ಇಲ್ಲ. ಈ ಪದ್ಧತಿ ಹುಟ್ಟಿದ ಕಥೆ ಇನ್ನೂ ಮಜಾ. 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್‌ನಲ್ಲಿ ಡಿ. ಡಿ. ಪಾಮರ್ ಎಂಬವರು ಒಬ್ಬರ ಬೆನ್ನುಮೂಳೆ ಒತ್ತಿ ಕಿವುಡು ವಾಸಿಮಾಡಿದೆ ಅಂದರು. ಕೇಳುವ ನರ ಕಿವಿಯಿಂದ ಮಿದುಳಿಗೆ ತಲೆಬುರುಡೆಯ ಒಳಗೇ ಹೋಗುತ್ತದೆ. ಬೆನ್ನಿನ ಹತ್ತಿರ ಅದಕ್ಕೇನು ಕೆಲಸ?

ಹಾಗಂತ ನರಗಳಿಗೆ ಏನೂ ತಟ್ಟುವುದಿಲ್ಲ ಅಂತಲ್ಲ. ಆ ಒತ್ತು ಕೀಲನ್ನೂ ಸುತ್ತಲಿನ ಸ್ನಾಯುವನ್ನೂ ಸರಕ್ಕನೆ ಎಳೆಯುತ್ತದೆ. ಅಲ್ಲಿನ ನರದ ತುದಿಗಳು ಬೆನ್ನುಹುರಿಗೆ ಒಮ್ಮೆಲೇ ಸುದ್ದಿ ಮುಟ್ಟಿಸುತ್ತವೆ. ಮೊಣಕೈ ಮೇಜಿಗೆ ಬಡಿದರೆ ತಕ್ಷಣ ಉಜ್ಜಿಕೊಳ್ಳುತ್ತೇವೆ ಅಲ್ವಾ? ಉಜ್ಜಿದ ಸುದ್ದಿ ಬಂದರೆ ನೋವಿನ ಸುದ್ದಿಗೆ ದಾರಿ ಕಿರಿದಾಗುತ್ತದೆ. ಮೆಲ್ಜಾಕ್ ಮತ್ತು ವಾಲ್ ಎಂಬ ನೋವಿನ ಸಂಶೋಧಕರು 1965ರಲ್ಲಿ ಇದನ್ನು ಗೇಟಿಗೆ ಹೋಲಿಸಿದ್ದರು. ನನ್ನ ಬೆನ್ನಿನಲ್ಲೂ ಅಂಥದ್ದೇನೋ ನಡೆಯುತ್ತಿರಬೇಕು. ರೀಸೆಟ್ ಅನ್ನುವಷ್ಟು ದೊಡ್ಡದೇನಲ್ಲ.

ಕತ್ತು ಮುಟ್ಟಲು ಮೂರನೇ ತಿಂಗಳಿಂದ ಬಿಟ್ಟಿಲ್ಲ. ಕತ್ತನ್ನು ಜೋರಾಗಿ ತಿರುಗಿಸಿದ ಮೇಲೆ ರಕ್ತನಾಳದ ಒಳಪದರ ಹರಿದು ಸ್ಟ್ರೋಕ್ ಆದ ಪ್ರಕರಣಗಳಿವೆ. ಅಪರೂಪ ನಿಜ, ಆದರೂ ನನ್ನ ತೊಂದರೆ ಇರುವುದು ಸೊಂಟದಲ್ಲಿ ತಾನೇ? ಇನ್ನು, ಸೊಂಟ ನೋವಿನ ಜೊತೆ ತೊಡೆಸಂದಿಯಲ್ಲಿ ಜೋಮು, ಮೂತ್ರ ಹಿಡಿತಕ್ಕೆ ಸಿಗದಿರುವುದು ಇದ್ದರೆ ಇಂಥ ಕಡೆ ಹೋಗಲೇಬೇಡಿ, ನೇರ ಆಸ್ಪತ್ರೆಗೆ ಓಡಿ.

ಆರನೇ ತಿಂಗಳು ಅವರು ಮೂರು ವಾರ ರಜೆ ಹಾಕಿದರು. ಬೇರೆ ದಾರಿಯಿಲ್ಲದೆ, ಮೊದಲ ದಿನ ಅವರೇ ಕೊಟ್ಟಿದ್ದ ವ್ಯಾಯಾಮದ ಚೀಟಿ ಹುಡುಕಿದೆ. ಅಂಗಾತ ಮಲಗಿ, ಮೊಣಕಾಲು ಮಡಿಸಿ, ಸೊಂಟ ಎತ್ತಿ ಐದು ಎಣಿಸಿ ಇಳಿಸುವುದು, 12 ಸಲ. ಆಮೇಲೆ ಅರ್ಧ ಗಂಟೆ ನಡಿಗೆ. ಅಂಕ ಏಳಕ್ಕೆ ಬಂದು ಅಲ್ಲೇ ಕೂತಿತು. ಮೂರನೇ ದಿನವೂ ಇಳಿಯಲಿಲ್ಲ.

ಅವರು ಬಂದ ಮೇಲೆ ಫೋನು ತೋರಿಸಿದೆ. ಮುಖ ಊದಿಸಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಪೂರ್ತಿ ನೋಡಿ, "ನಾನು ಕೊಟ್ಟಿದ್ದರಲ್ಲಿ ಅದೇ ಮುಖ್ಯ, ಯಾರೂ ಮಾಡಲ್ಲ" ಅಂತ ನಕ್ಕರು. ಹಾಗಾದರೆ ಆ ಪಟ ಯಾಕೆ ಅಂತ ಕೇಳಿದೆ. "ಮಗ್ಗುಲಾಗಿ ಮಲಗಿ" ಅಂದರು.

ಪ್ಯಾಕೇಜ್ ತೆಗೆದುಕೊಳ್ಳಲಿಲ್ಲ. ಸೊಂಟ ಹಿಡಿದುಕೊಂಡ ದಿನ ಮಾತ್ರ ಹೋಗುತ್ತೇನೆ, ಆ ಉಸಿರಿನ ಆಸೆಯೂ ಸ್ವಲ್ಪ ಇದೆ. ಐದಕ್ಕೆ ಮೂರು ಸ್ಟಾರ್. ಪಟ ಗೋಡೆಯಿಂದ ಇಳಿದರೆ ಮೂರೂವರೆ.